ಬಿಸಿಲಿಗೆ ಬಣ್ಣ ಯಾಕೆ ಹೋಗುತ್ತೆ? ಕೆಂಪಿಗೇ ಯಾಕೆ ಮೊದಲ ಏಟು?

ಕಿಟಕಿಪಕ್ಕ:
ಕಿಟಕಿಗೆ ಹಾಕಿದ್ದ ಕೆಂಪು ಹತ್ತಿ ಪರದೆಯನ್ನು ಒಗೆಯೋಕೆ ಅಂತ ಇಳಿಸಿದೆ. ನೆರಿಗೆಯ ಉಬ್ಬು ಭಾಗವೆಲ್ಲ ತೆಳು ಗುಲಾಬಿ, ನೆರಿಗೆಯ ಒಳಗೆ ಇನ್ನೂ ಕೆಂಪು. ಹರಡಿ ಹಾಕಿದರೆ ಉದ್ದುದ್ದ ಪಟ್ಟೆ. ಕೆಳಗಿನ ಮಡಿಕೆ ಬಿಚ್ಚಿ ನೋಡಿದೆ, ಒಳಗಡೆ ಹೊಸದರಲ್ಲಿದ್ದ ಬಣ್ಣವೇ ಇದೆ. ಇನ್ನೊಂದು ವಿಚಿತ್ರ ಅಂದ್ರೆ ಹೊಲಿದ ದಾರ ಮಾತ್ರ ಕೆಂಪಾಗೇ ಉಳಿದಿದೆ. ಮೊದಲು ಕಣ್ಣಿಗೇ ಬೀಳದಿದ್ದ ಹೊಲಿಗೆ ಈಗ ಎದ್ದು ಕಾಣುತ್ತೆ. ಅದೇ ಕಿಟಕಿ ಹತ್ತಿರದ ನೀಲಿ ದಿಂಬಿನ ಚೀಲಕ್ಕೆ ಅಷ್ಟೇನೂ ಆಗಿಲ್ಲ.

ಬಿಸಿಲಿಗೆ ಬಣ್ಣ ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಹೋಗೋದು ಎಲ್ಲಿಗೆ? ನೀರಲ್ಲಿ ಬಣ್ಣ ಬಿಟ್ಟರೆ ಬಕೆಟ್ ಕೆಂಪಾಗುತ್ತೆ, ಅದು ಅರ್ಥವಾಗುತ್ತೆ. ಇಲ್ಲಿ ಕಿಟಕಿ ಕಟ್ಟೆ ಮೇಲೆ ಒಂದು ಚೂರೂ ಕೆಂಪು ಉದುರಿಲ್ಲ.

ಸುಮ್ನೆಕೇಳ್ದೆ:
ಬಿಸಿಲಿನ ಶಾಖ, ಇನ್ನೇನು. ಕಾದೂ ಕಾದೂ ಬಣ್ಣ ಆವಿಯಾಗಿ ಹೋಯ್ತು. ಇದಕ್ಕೆ ಇಷ್ಟು ದೊಡ್ಡ ಪ್ರಶ್ನೆ ಬೇಕಾ?

ಬಣ್ಣದತೊಟ್ಟಿ:
ಶಾಖಕ್ಕೆ ಹೋಗೋದಾಗಿದ್ರೆ ಇಸ್ತ್ರಿ ಮಾಡಿದ ಅಂಗಿಯೆಲ್ಲ ಬಿಳಿಯಾಗಬೇಕಿತ್ತು ಗುರು. ಹತ್ತಿ ಬಟ್ಟೆಗೆ ಇಟ್ಟಾಗ ಇಸ್ತ್ರಿ ಪೆಟ್ಟಿಗೆ 200 ಡಿಗ್ರಿ ಆಸುಪಾಸು ಇರುತ್ತೆ. ಕಿಟಕಿಯ ಪರದೆ ಎಷ್ಟೇ ಕಾದರೂ ಅದರ ಅರ್ಧಕ್ಕೂ ಬರಲ್ಲ. ಅನುಮಾನ ಇದ್ರೆ ಬಣ್ಣದ ಕಾಗದದ ಅರ್ಧ ಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬಿಸಿಲಲ್ಲಿಡಿ. ಎರಡೂ ಅರ್ಧ ಬಿಸಿಯಾಗುತ್ತೆ, ಮಾಸೋದು ಬೆಳಕು ಬಿದ್ದ ಅರ್ಧ ಮಾತ್ರ. ಶಾಖಕ್ಕೆ ಪಾತ್ರವೇ ಇಲ್ಲ ಅಂತಲ್ಲ. ಬೆಳಕು ಶುರು ಮಾಡಿದ ಕೆಲಸವನ್ನು ಶಾಖ ಚುರುಕು ಮಾಡುತ್ತೆ. ಶುರು ಮಾಡೋದು ಮಾತ್ರ ಬೆಳಕೇ.

ಬೆಂಜೀನ್‌ಉಂಗುರ:
ಪ್ರಶ್ನೆ ಕೇಳಿದವರ "ಎಲ್ಲಿಗೆ ಹೋಗುತ್ತೆ" ಅನ್ನೋ ಮಾತೇ ಸರಿಯಾದ ಜಾಗಕ್ಕೆ ಕೈ ಇಟ್ಟಿದೆ. ಎಲ್ಲಿಗೂ ಹೋಗಲ್ಲ. ಬಟ್ಟೆಗೆ ಹಾಕಿದ ಬಣ್ಣದ, ಅಂದರೆ ಡೈಯ, ಅಣುವಿನ ಚೂರುಗಳು ಬಹುಪಾಲು ಆ ಬಟ್ಟೆಯಲ್ಲೇ ಇವೆ, ಆದರೆ ಅವಕ್ಕೆ ಬಣ್ಣ ಇಲ್ಲ.

ಕೆಂಪು ಬಟ್ಟೆ ಕೆಂಪಾಗಿ ಕಾಣೋದು ಅದರ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿ, ಹಸಿರು ಭಾಗವನ್ನು ಡೈ ನುಂಗಿ, ಕೆಂಪನ್ನು ಮಾತ್ರ ವಾಪಸ್ ಕಳಿಸೋದರಿಂದ. ಈ ನುಂಗುವ ಕೆಲಸ ಅಣುವಿನ ಒಂದು ನಿರ್ದಿಷ್ಟ ಭಾಗದ್ದು. ಅಲ್ಲಿ ಏಕಬಂಧ, ದ್ವಿಬಂಧ, ಏಕಬಂಧ, ದ್ವಿಬಂಧ ಹೀಗೆ ಸಾಲಾಗಿ ಇರುತ್ತವೆ. ಎಲೆಕ್ಟ್ರಾನ್‌ಗಳು ಯಾವುದೋ ಒಂದು ಬಂಧಕ್ಕೆ ಅಂಟಿಕೊಳ್ಳದೆ ಇಡೀ ಸಾಲಿನುದ್ದಕ್ಕೂ ಹರಡಿಕೊಂಡಿರುತ್ತವೆ. ವೀಣೆಯ ತಂತಿ ನೆನಪು ಮಾಡಿಕೊಳ್ಳಿ: ಉದ್ದ ತಂತಿಯ ಸ್ವರ ಕೆಳಗೆ, ನಡುವೆ ಒತ್ತಿ ಗಿಡ್ಡ ಮಾಡಿದರೆ ಸ್ವರ ಮೇಲೆ. ಸಾಲು ಉದ್ದ ಇದ್ದಾಗ ಅಣು ನುಂಗೋದು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು. ಸಾಲು ನಡುವೆ ಎಲ್ಲೋ ಒಂದು ಕಡೆ ಕಡಿದರೆ ಸಾಕು, ಉಳಿದ ಗಿಡ್ಡ ತುಂಡುಗಳು ನುಂಗೋದು ಅತಿನೇರಳೆಯನ್ನು. ಅದು ಕಣ್ಣಿಗೆ ಕಾಣಲ್ಲ. ಹಾಗಾಗಿ ನಮ್ಮ ಮಟ್ಟಿಗೆ ಬಣ್ಣ ಹೋಯ್ತು.

ಕಡಿಯೋದು ಹೇಗೆ? ಬೆಳಕು ನುಂಗಿದ ಅಣು ಕ್ಷಣಕಾಲ ಹೆಚ್ಚು ಶಕ್ತಿಯ ಸ್ಥಿತಿಗೆ ಏರುತ್ತೆ. ಹೆಚ್ಚಿನ ಸಲ ಆ ಶಕ್ತಿಯನ್ನು ಶಾಖವಾಗಿ ಬಿಟ್ಟುಕೊಟ್ಟು ಸುಮ್ಮನೆ ಕೆಳಗಿಳಿಯುತ್ತೆ. ಅಪರೂಪಕ್ಕೊಮ್ಮೆ ಮೇಲಿರುವಾಗಲೇ ಪಕ್ಕದ ಆಮ್ಲಜನಕಕ್ಕೆ ಶಕ್ತಿ ದಾಟಿಸುತ್ತೆ. ಹಾಗೆ ಶಕ್ತಿ ಪಡೆದ ಆಮ್ಲಜನಕಕ್ಕೆ ಸಿಂಗ್ಲೆಟ್ ಆಮ್ಲಜನಕ ಅಂತ ಹೆಸರು. ಅದಕ್ಕೆ ದ್ವಿಬಂಧ ಕಂಡರೆ ಆಗಲ್ಲ, ನೇರ ಅಲ್ಲೇ ಬೀಳುತ್ತೆ. ಕೆಲವು ಸಲ ಅಣು ತನ್ನ ಎಲೆಕ್ಟ್ರಾನನ್ನೇ ಕಳೆದುಕೊಂಡು ಬೇರೆ ದಾರಿಯಲ್ಲಿ ಒಡೆಯುತ್ತೆ. ಒಂದೊಂದು ಅಣುವಿಗೆ ಇದು ಅಪರೂಪದ ಅಪಘಾತ, ಆದರೆ ಬಿಸಿಲಿನಲ್ಲಿ ಬೆಳಕಿನ ಕಣಗಳಿಗೆ, ಅಂದರೆ ಫೋಟಾನ್‌ಗಳಿಗೆ ಬರವಿಲ್ಲ.

ಒಟ್ಟಿನಲ್ಲಿ ಯಾವ ಗುಣದಿಂದ ಅದಕ್ಕೆ ಬಣ್ಣ ಬಂತೋ ಅದೇ ಗುಣ ಅದಕ್ಕೆ ಮುಳುವು. ಬೆಳಕು ನುಂಗದಿದ್ದರೆ ಬಣ್ಣ ಇಲ್ಲ, ನುಂಗಿದರೆ ಉಳಿಗಾಲ ಇಲ್ಲ.

ಸುಮ್ನೆಕೇಳ್ದೆ:
ಆಮ್ಲಜನಕ ಆಮ್ಲಜನಕ ಅಂತೀರಲ್ಲ, ಗಾಳಿ ಇಲ್ಲದ ಕಡೆ ಇಟ್ಟರೆ ಬಣ್ಣ ಹೋಗಲ್ವಾ ಹಾಗಾದ್ರೆ?

ಬೆಂಜೀನ್‌ಉಂಗುರ:
ಬಹಳಷ್ಟು ಬಣ್ಣಗಳಿಗೆ ಹಾಗೇ ಆಗುತ್ತೆ, ಹೋದರೂ ತೀರಾ ನಿಧಾನ. ಇದನ್ನು ನೋಡಿದವರು ಇದ್ದಾರೆ, ಅದೂ 1888ರಲ್ಲೇ. ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಆಬ್ನಿ ಅನ್ನೋ ಇಬ್ಬರು ಜಲವರ್ಣ ಬಳಿದ ಕಾಗದದ ಪಟ್ಟಿಗಳನ್ನು ಗಾಜಿನ ನಳಿಗೆಯಲ್ಲಿಟ್ಟು ಬಿಸಿಲಿಗೊಡ್ಡಿದರು. ಕೆಲವು ನಳಿಗೆಯಲ್ಲಿ ಒದ್ದೆ ಗಾಳಿ, ಕೆಲವದರಲ್ಲಿ ಒಣ ಗಾಳಿ, ಕೆಲವು ನಿರ್ವಾತ. ಒದ್ದೆ ಗಾಳಿಯಲ್ಲಿ ಮಾಸಿದಷ್ಟು ಒಣ ಗಾಳಿಯಲ್ಲಿ ಮಾಸಲಿಲ್ಲ. ನಿರ್ವಾತದಲ್ಲಿದ್ದ ಬಹುಪಾಲು ಬಣ್ಣಗಳು ಹೆಚ್ಚುಕಡಿಮೆ ಹಾಗೇ ಉಳಿದವು. ಆಗಿನ ಚಿತ್ರಕಾರರಲ್ಲಿ ಇದೇ ಒಂದು ಜಗಳವಾಗಿತ್ತು, ಜಲವರ್ಣ ಚಿತ್ರಗಳನ್ನು ಬೆಳಕಿಗೆ ಇಡಬಹುದಾ ಬೇಡವಾ ಅಂತ.

ಬಣ್ಣದತೊಟ್ಟಿ:
ಒದ್ದೆ ಬಟ್ಟೆಯನ್ನು ಉರಿಬಿಸಿಲಲ್ಲಿ ಒಣಹಾಕಬೇಡಿ ಅನ್ನೋದು ಇದಕ್ಕೇ. ನೀರು ಕುಡಿದ ಹತ್ತಿ ನೂಲು ಉಬ್ಬಿರುತ್ತೆ, ಒಳಗೆ ಎಲ್ಲಕ್ಕೂ ಓಡಾಡೋಕೆ ದಾರಿ ಸಲೀಸು. ಬೆವರು ಸೇರಿದರೆ ಇನ್ನೂ ಕಷ್ಟ. ಡೈ ಪರೀಕ್ಷೆಯಲ್ಲಿ ಬೆಳಕಿಗೆ ಒಂದು, ಬೆವರು ಮತ್ತು ಬೆಳಕು ಸೇರಿದ್ದಕ್ಕೆ ಇನ್ನೊಂದು ಅಂತ ಬೇರೆ ಬೇರೆ ಮಾಡ್ತಾರೆ. ಮೊದಲನೆಯದರಲ್ಲಿ ಪಾಸಾದ ಬಣ್ಣ ಎರಡನೆಯದರಲ್ಲಿ ನಪಾಸಾಗೋದುಂಟು.

ನಿಮ್ಮ ಹೊಲಿಗೆ ದಾರದ ಗುಟ್ಟೂ ಇದೇ ಇರಬೇಕು. ಬಟ್ಟೆ ಹತ್ತಿ, ದಾರ ಬಹುಶಃ ಪಾಲಿಯೆಸ್ಟರ್. ಪಾಲಿಯೆಸ್ಟರ್ ಎಳೆ ಒತ್ತೊತ್ತಾಗಿರುತ್ತೆ, ನೀರು ಹೀರಲ್ಲ. ಬಣ್ಣ ಹತ್ತಿಸೋವಾಗ 130 ಡಿಗ್ರಿಯಲ್ಲಿ ಒತ್ತಡ ಹಾಕಿ ಡೈಯನ್ನು ಎಳೆಯೊಳಕ್ಕೆ ನುಗ್ಗಿಸಬೇಕಾಗುತ್ತೆ. ಹಾಗೆ ಒಳಹೊಕ್ಕ ಅಣುವಿನ ಹತ್ತಿರ ಗಾಳಿ, ತೇವ ಸುಲಭವಾಗಿ ಸುಳಿಯಲ್ಲ. ಡೈ ಜಾತಿಯೂ ಬೇರೆ.

ಕಿಟಕಿಪಕ್ಕ:
ದಾರ ಸುಟ್ಟು ನೋಡಿದೆ, ಕರಗಿ ಗಟ್ಟಿ ಮಣಿಯಾಯ್ತು. ಪಾಲಿಯೆಸ್ಟರೇ. ಸರಿ, ನನ್ನ ಕಿಟಕಿಗೆ ಗಾಜಿದೆ. ಗಾಜು ಯುವಿ, ಅಂದರೆ ಅತಿನೇರಳೆ, ತಡೆಯುತ್ತೆ ಅಂತಾರಲ್ಲ, ಆದರೂ ಹೀಗ್ಯಾಕಾಯ್ತು?

ಚೌಕಟ್ಟು:
ಅರ್ಧ ಸತ್ಯ ಅದು. ಸಾಮಾನ್ಯ ಕಿಟಕಿ ಗಾಜು ತಡೆಯೋದು ಗಿಡ್ಡ ತರಂಗಾಂತರದ ಯುವಿಯನ್ನು, ಸುಮಾರು 310-320 ನ್ಯಾನೋಮೀಟರಿಗಿಂತ ಕೆಳಗಿನದ್ದನ್ನು. ಅಲ್ಲಿಂದ 400ರವರೆಗಿನ ಯುವಿ-ಎ ಬಹುಪಾಲು ಒಳಗೆ ಬರುತ್ತೆ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜಾದರೆ ಯುವಿ ಬಹುತೇಕ ನಿಲ್ಲುತ್ತೆ. ಕಾರಿನ ಮುಂದಿನ ಗಾಜು ಅಂಥದ್ದು.

ಆದರೆ ಯುವಿ ಪೂರ್ತಿ ತಡೆದರೂ ಬಣ್ಣ ಉಳಿಯುತ್ತೆ ಅಂದುಕೊಳ್ಳಬೇಡಿ. ಗಾಜಿಗೆ ಅಂಟಿಸುವ ಯುವಿ ಫಿಲ್ಮ್ ಮಾರೋರು ಹೇಳದೆ ಬಿಡುವ ಮಾತು ಇದೇ. ಕಣ್ಣಿಗೆ ಕಾಣುವ ಬೆಳಕೇ ಸೂಕ್ಷ್ಮ ಬಣ್ಣಗಳನ್ನು ಕೊಲ್ಲೋಕೆ ಸಾಕು. ಅದಕ್ಕೇ ಮ್ಯೂಸಿಯಂಗಳಲ್ಲಿ ಯುವಿ ಸೋಸಿದ ಮೇಲೂ ಜಲವರ್ಣ, ಹಳೆ ಬಟ್ಟೆ ಇವಕ್ಕೆಲ್ಲ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡಲ್ಲ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಒಳಗೆ ಹೋದವರು "ಇಷ್ಟು ಕತ್ತಲೆ ಯಾಕೆ" ಅಂತ ಗೊಣಗೋದು ಮಾಮೂಲು.

ಲೆಕ್ಕ ಹಾಕಿ ನೋಡಿ. 50 ಲಕ್ಸ್, ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ: ಒಟ್ಟು 1,20,000 ಲಕ್ಸ್-ಗಂಟೆ. ನಡುಹಗಲ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಮ್ಯೂಸಿಯಂ ಒಂದು ವರ್ಷದಲ್ಲಿ ಕೊಡುವಷ್ಟು ಬೆಳಕನ್ನು ಬಿಸಿಲು ಒಂದೂಕಾಲು ಗಂಟೆಯೊಳಗೆ ಸುರಿಯುತ್ತೆ. ಅದರ ಜೊತೆ ಯುವಿ ಬೇರೆ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುತ್ತೆ, ರಾತ್ರಿ ವಿಶ್ರಾಂತಿ ಕೊಟ್ಟರೆ ಬಣ್ಣ ಚೇತರಿಸಿಕೊಳ್ಳಲ್ಲ.

ಸುಮ್ನೆಕೇಳ್ದೆ:
ಆಯ್ತಪ್ಪ, ಶಾಖ ಅಲ್ಲ. ಕೆಂಪಿನ ಮೇಲೇ ಯಾಕೆ ಕಣ್ಣು ಅಂತ ಯಾರೂ ಹೇಳ್ಲಿಲ್ಲ.

ಬೆಂಜೀನ್‌ಉಂಗುರ:
ಬೆಳಕಿನಿಂದ ಬದಲಾವಣೆ ಆಗಬೇಕಾದ್ರೆ ವಸ್ತು ಆ ಬೆಳಕನ್ನು ನುಂಗಲೇಬೇಕು. ಗ್ರೋಟ್‌ಹಸ್ ಮತ್ತು ಡ್ರೇಪರ್ ಇದನ್ನು 19ನೇ ಶತಮಾನದ ಮೊದಲರ್ಧದಲ್ಲೇ ಹೇಳಿದ್ರು. ಈಗ ಯಾವ ಬಣ್ಣ ಯಾವ ಬೆಳಕು ನುಂಗುತ್ತೆ ನೋಡಿ. ನೀಲಿ ವಸ್ತು ನುಂಗೋದು ಕಿತ್ತಳೆ, ಕೆಂಪು. 700 ನ್ಯಾನೋಮೀಟರಿನ ಕೆಂಪು ಬೆಳಕಿನ ಶಕ್ತಿ ಒಂದು ಮೋಲ್ (ಕಣಗಳನ್ನು ಲೆಕ್ಕ ಹಾಕುವ ಒಂದು ದೊಡ್ಡ ಗಂಟು) ಫೋಟಾನ್‌ಗೆ ಸುಮಾರು 171 ಕಿಲೋಜೂಲ್. ಕೆಂಪು ವಸ್ತು ನುಂಗುವ 500 ನ್ಯಾನೋಮೀಟರಿನ ಬೆಳಕಿನಲ್ಲಿ ಸುಮಾರು 239. ಹಳದಿ ವಸ್ತು ನುಂಗುವ 450ರಲ್ಲಿ 266. ಯುವಿಯಲ್ಲಿ 300 ನ್ಯಾನೋಮೀಟರಿಗೆ ಬಂದರೆ ಸುಮಾರು 400. ಇಂಗಾಲ-ಇಂಗಾಲ ಏಕಬಂಧ ಒಡೆಯೋಕೆ ಬೇಕಾದ್ದು ಸುಮಾರು 350. ಯುವಿ ನೇರ ಕತ್ತರಿ ಆಡಿಸಬಲ್ಲದು, ಕಾಣುವ ಬೆಳಕಿಗೆ ಮೇಲೆ ಹೇಳಿದ ಆಮ್ಲಜನಕದ ಸುತ್ತುದಾರಿ ಬೇಕು.

ಹಾಗಂತ ಇಷ್ಟರಲ್ಲೇ ಉತ್ತರ ಮುಗಿಯಿತು ಅಂತ ಬರೆಯೋರ ಮಾತು ನನಗೆ ಒಪ್ಪಿಗೆ ಇಲ್ಲ. ಫೋಟಾನಿನ ಶಕ್ತಿ ಅರ್ಧ ಕಥೆ. ಅಣುವಿನ ರಚನೆಯೇ ದೊಡ್ಡದು. ಬಿಸಿಲಿಗೆ ಜಪ್ಪಯ್ಯ ಅನ್ನದ ಕೆಂಪುಗಳಿವೆ, ವಾರದಲ್ಲಿ ಸಾಯುವ ನೀಲಿಗಳೂ ಇವೆ.

ಕುಂಚಕಾಗದ:
ಇದಕ್ಕೆ ನಾನು ಚಪ್ಪಾಳೆ ಹೊಡೀತೀನಿ. ಕೆಂಪು ಮಣ್ಣು, ಅಂದರೆ ಕಬ್ಬಿಣದ ಆಕ್ಸೈಡ್, ಕೆಂಪೇ. ಗುಹೆಗಳಲ್ಲಿ ಹತ್ತಾರು ಸಾವಿರ ವರ್ಷದ ಹಿಂದೆ ಬಳಿದ ಕೆಂಪು ಮಣ್ಣಿನ ಚಿತ್ರ ಇನ್ನೂ ಇದೆ. ಗುಹೆ ಕತ್ತಲೆ ಅನ್ನಬಹುದು, ಆದರೆ ಬಯಲ ಬಂಡೆಗಳ ಮೇಲೂ ಉಳಿದಿದೆ. ಅಲ್ಲಿ ಒಡೆಯೋಕೆ ದ್ವಿಬಂಧದ ಸಾಲೇ ಇಲ್ಲ, ಇರೋದು ಲೋಹ ಮತ್ತು ಆಮ್ಲಜನಕದ ಹರಳು. ತುಕ್ಕನ್ನು ಇನ್ನಷ್ಟು ತುಕ್ಕು ಹಿಡಿಸೋಕೆ ಆಗುತ್ತಾ?

ಬಿಸಿಲಲ್ಲಿ ನಿಂತ ಮುದ್ರಿತ ಪೋಸ್ಟರ್‌ಗಳು ಕೊನೆಗೆ ನೀಲಿ ನೀಲಿ ಆಗೋದನ್ನು ಗಮನಿಸಿದ್ದೀರಾ? ಮುದ್ರಣದಲ್ಲಿ ನಾಲ್ಕು ಶಾಯಿ: ಸಯಾನ್ (ಹಸಿರು ಮಿಶ್ರಿತ ನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ, ಕಪ್ಪು. ಸಯಾನ್ ಶಾಯಿ ಸಾಮಾನ್ಯವಾಗಿ ತಾಮ್ರದ ಥ್ಯಾಲೋಸಯನೈನ್, ತುಂಬಾ ಗಟ್ಟಿ ಅಣು. ಕಪ್ಪು ಬರೀ ಮಸಿ, ಇಂಗಾಲ. ಮಾಮೂಲಿ ಮಜೆಂಟಾ, ಹಳದಿ ಶಾಯಿಗಳು ಬೆಳಕಿಗೆ ದುರ್ಬಲ. ಅವು ಮೊದಲು ಹೋಗ್ತವೆ. ಮುಖಗಳೆಲ್ಲ ಹೆಣದ ಬಣ್ಣಕ್ಕೆ ತಿರುಗಿರುತ್ತವೆ, ಕಣ್ಣುರೆಪ್ಪೆಯ ಕಪ್ಪು ಮಾತ್ರ ಚುರುಕಾಗಿ ನಿಂತಿರುತ್ತೆ.

ಕಿಟಕಿಪಕ್ಕ:
ಆದರೆ ಆಲ್ಬಮ್‌ನಲ್ಲಿರೋ ಹಳೆ ಕಲರ್ ಫೋಟೋಗಳು ಕೆಂಪು ಕೆಂಪು ಆಗಿವೆಯಲ್ಲ? ಉಲ್ಟಾ ಆಯ್ತಲ್ಲ.

ಚೌಕಟ್ಟು:
ಒಳ್ಳೇ ಪ್ರಶ್ನೆ. ಅದು ಬೆಳಕಿನ ಕೆಲಸವೇ ಅಲ್ಲ. ಹಳೆ ಕಲರ್ ಪ್ರಿಂಟ್‌ಗಳ ಸಯಾನ್ ಡೈ ಕತ್ತಲಲ್ಲೂ ಶಾಖ, ತೇವಕ್ಕೆ ತಾನೇ ತಾನಾಗಿ ಕೆಡುತ್ತಿತ್ತು. ಸಯಾನ್ ಹೋದರೆ ಉಳಿಯೋದು ಕೆಂಪು ಛಾಯೆ. ಆಲ್ಬಮ್‌ನಲ್ಲಿ ಮುಚ್ಚಿಟ್ಟದ್ದು ಕೆಂಪಾದರೆ ಕತ್ತಲ ಕೇಡು. ಅಂಥದೇ ಫೋಟೋ ಗೋಡೆ ಮೇಲೆ ಬೆಳಕಿಗೆ ಮಾಸಿದರೆ ಸಾಮಾನ್ಯವಾಗಿ ಮೊದಲು ಹೋಗೋದು ಮಜೆಂಟಾ.

ಕುಂಚಕಾಗದ:
ಮುಂದುವರಿಸ್ತೀನಿ. ಚಿತ್ರಕಾರರಿಗೆ ಡೈ ಬೇರೆ, ಪಿಗ್ಮೆಂಟ್ ಬೇರೆ. ಡೈ ಕರಗುತ್ತೆ, ಒಂದೊಂದೇ ಅಣುವಾಗಿ ಹರಡಿಕೊಳ್ಳುತ್ತೆ, ಪ್ರತಿ ಅಣುವೂ ಬೆಳಕಿಗೆ ಒಂಟಿಯಾಗಿ ಸಿಗುತ್ತೆ. ಪಿಗ್ಮೆಂಟ್ ಕರಗದ ಹರಳಿನ ಕಣ. ಮೇಲ್ಮೈಯ ಅಣುಗಳು ಸತ್ತರೂ ಒಳಗಿನವು ಬದುಕಿರುತ್ತವೆ. ಅದೇ ಬಣ್ಣವನ್ನು ತೆಳುವಾಗಿ ಬಳಿದರೆ ಬೇಗ ಹೋಗೋದಕ್ಕೂ, ತಿಳಿ ಬಣ್ಣದ ಬಟ್ಟೆ ಅದೇ ಡೈಯ ಗಾಢ ಬಣ್ಣಕ್ಕಿಂತ ಬೇಗ ಮಾಸೋದಕ್ಕೂ ಇಂಥದೇ ಕಾರಣ.

ಡೈಯನ್ನೇ ಲೋಹದ ಲವಣದ ಮೇಲೆ ಕೂರಿಸಿ ಪಿಗ್ಮೆಂಟ್ ಮಾಡೋದೂ ಉಂಟು, ಲೇಕ್ ಅಂತಾರೆ. ವ್ಯಾನ್ ಗೋ ತನ್ನ ಮಲಗುವ ಕೋಣೆಯ ಚಿತ್ರವನ್ನು 1888ರಲ್ಲಿ ಬರೆದಾಗ ತಮ್ಮನಿಗೆ ಬರೆದ ಪತ್ರದಲ್ಲಿ ಗೋಡೆ ತಿಳಿ ನೇರಳೆ ಅಂತ ಹೇಳಿಕೊಂಡಿದ್ದಾನೆ. ಈಗ ನೋಡಿದರೆ ಗೋಡೆ ನೀಲಿ. ನೀಲಿಗೆ ಬೆರೆಸಿದ್ದ ಕೆಂಪು ಲೇಕ್ ಮಾಸಿತು, ನೀಲಿ ಉಳಿಯಿತು. ನಾವು ಅದನ್ನೇ ಮೂಲ ಅಂದುಕೊಂಡು ತಲೆದೂಗ್ತಾ ಇದ್ದೀವಿ.

ಎಲ್ಲ ಬಣ್ಣವೂ ತಿಳಿಯಾಗೋದೇ ಅಂತಲೂ ಇಲ್ಲ. ಇಂಗುಲೀಕ, ಅಂದರೆ ಪಾದರಸದ ಸಲ್ಫೈಡ್, ಬೆಳಕಿಗೆ ಕಪ್ಪಾಗುತ್ತೆ. ಕ್ರೋಮ್ ಹಳದಿಯ ಕೆಲವು ಬಗೆಗಳು ಕಂದುಗಟ್ಟುತ್ತವೆ.

ಸುಮ್ನೆಕೇಳ್ದೆ:
ಬಟ್ಟೆ ಬಿಸಿಲಿಗೆ ಬಿಳಿಯಾಗುತ್ತೆ, ನಾನು ಬಿಸಿಲಿಗೆ ಕರಿಯಾಗ್ತೀನಿ. ಬೆಳಕಿಗೆ ಯಾಕೀ ಪಕ್ಷಪಾತ?

ಎಲೆಹುಳು:
ನೀವಿನ್ನೂ ಬದುಕಿದ್ದೀರಿ, ಅದಕ್ಕೆ. ಯುವಿ ಚರ್ಮದ ಜೀವಕೋಶಗಳ ಡಿಎನ್‌ಎಗೆ ಏಟು ಕೊಡುತ್ತೆ, ದೇಹ ಎಚ್ಚೆತ್ತು ಚರ್ಮಕ್ಕೆ ಕಪ್ಪು ಕೊಡುವ ಮೆಲನಿನ್ ಅನ್ನು ಹೆಚ್ಚು ತಯಾರಿಸುತ್ತೆ. ಚರ್ಮದಿಂದ ಹೊರಗೆ ಬಂದ ಕೂದಲು ನಿರ್ಜೀವ, ಅದರಲ್ಲೂ ಇರೋದು ಮೆಲನಿನ್ನೇ, ಆದರೆ ತುಂಬಿಕೊಡೋರು ಯಾರೂ ಇಲ್ಲ. ಸದಾ ಬಿಸಿಲಲ್ಲಿರೋರ ಕೂದಲ ತುದಿ ಕಂದಾಗೋದು ಅದಕ್ಕೇ.

ಎಲೆ ಇದಕ್ಕಿಂತ ಸ್ವಾರಸ್ಯ. ಕ್ಲೋರೋಫಿಲ್ ಬೆಳಕಿಗೆ ಸಿಕ್ಕಾಪಟ್ಟೆ ನಾಜೂಕು. ಎಲೆ ಅರೆದು ತೆಗೆದ ಹಸಿರು ರಸವನ್ನು ಗಾಜಿನ ಲೋಟದಲ್ಲಿ ಬಿಸಿಲಿಗಿಟ್ಟರೆ ನೋಡನೋಡುತ್ತಾ ಹಸಿರು ಹೋಗಿ ಕಂದಾಗುತ್ತೆ. ಮರದ ಮೇಲಿನ ಎಲೆ ದಿನವಿಡೀ ಬಿಸಿಲಲ್ಲಿದ್ದರೂ ಹಸಿರಾಗಿರೋದಕ್ಕೆ ಕಾರಣ, ಕ್ಲೋರೋಫಿಲ್ ಪಕ್ಕದಲ್ಲೇ ಹಳದಿ-ಕಿತ್ತಳೆ ಬಣ್ಣದ ಕೆರೋಟಿನಾಯ್ಡ್‌ಗಳು ಕೂತಿರುತ್ತವೆ. ಬೆಂಜೀನ್ ಅವರು ಹೇಳಿದ ಸಿಂಗ್ಲೆಟ್ ಆಮ್ಲಜನಕವನ್ನು ಅವು ತಣ್ಣಗಾಗಿಸುತ್ತವೆ. ಜೊತೆಗೆ ಸಸ್ಯ ಹೊಸ ಕ್ಲೋರೋಫಿಲ್ ಮಾಡ್ತಾನೇ ಇರುತ್ತೆ.

ಡೈಯೇ ಇಲ್ಲದ ಬಣ್ಣವೂ ಇದೆ. ಕೆಲವು ಜೀರುಂಡೆಗಳ ಲೋಹದಂಥ ಹೊಳಪು ಬರೋದು ಚಿಪ್ಪಿನ ಅತಿ ಸೂಕ್ಷ್ಮ ಪದರಗಳಿಂದ. ಪದರದ ಅಂತರ ಕೆಡದಿದ್ದರೆ ಬಣ್ಣ ಕೆಡಲ್ಲ. ಜರ್ಮನಿಯ ಮೆಸ್ಸೆಲ್‌ನಲ್ಲಿ ಸಿಕ್ಕ ಸುಮಾರು 4.7 ಕೋಟಿ ವರ್ಷ ಹಳೆಯ ಜೀರುಂಡೆ ಪಳೆಯುಳಿಕೆಗಳಲ್ಲಿ ಈಗಲೂ ಆ ಮಿರುಗು ಇದೆ.

ಕಿಟಕಿಪಕ್ಕ:
ಹೋದ ಬಣ್ಣ ವಾಪಸ್ ಬರೋ ದಾರಿ ಏನಾದ್ರೂ ಇದೆಯಾ?

ಬೆಂಜೀನ್‌ಉಂಗುರ:
ಸಾಮಾನ್ಯ ಡೈಗಳಿಗೆ ಇಲ್ಲ. ಒಡೆದ ಅಣು ತಾನಾಗಿ ಕೂಡಲ್ಲ. ಒಂದು ಮುದ್ದಾದ ಅಪವಾದ ಪ್ರಶ್ಯನ್ ನೀಲಿ. ಬೆಳಕಿಗೆ ಅದರೊಳಗಿನ ಕಬ್ಬಿಣಕ್ಕೆ ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಬಣ್ಣ ಮಂಕಾಗುತ್ತೆ, ಕತ್ತಲಲ್ಲಿ ಗಾಳಿಯಾಡುವಂತೆ ಇಟ್ಟರೆ ಆಮ್ಲಜನಕ ಆ ಎಲೆಕ್ಟ್ರಾನನ್ನು ಕಿತ್ತುಕೊಂಡು ನೀಲಿ ಮರಳುತ್ತೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ಚಿತ್ರಗಳ ನೀಲಿ ಇದೇ. ಬೇರೆ ಬಣ್ಣಗಳ ಮಟ್ಟಿಗೆ ಆಮ್ಲಜನಕ ವೈರಿ, ಇಲ್ಲಿ ವೈದ್ಯ.

ಚೌಕಟ್ಟು:
ಬಣ್ಣ ಮುಟ್ಟದೆ ಬಣ್ಣ ವಾಪಸ್ ತಂದ ಒಂದು ಪ್ರಸಂಗ ಇದೆ. ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೋ 1960ರ ದಶಕದ ಮೊದಲಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ದೊಡ್ಡ ಭಿತ್ತಿಚಿತ್ರಗಳನ್ನು ಮಾಡಿಕೊಟ್ಟ. ಅವನ್ನು ತೂಗುಹಾಕಿದ್ದು ದೊಡ್ಡ ಕಿಟಕಿಗಳ ಊಟದ ಕೋಣೆಯಲ್ಲಿ. ಆತ ಬಳಸಿದ್ದ ಲಿಥಾಲ್ ಕೆಂಪು ಬೆಳಕಿಗೆ ತೀರಾ ದುರ್ಬಲ. ಕಡುಗೆಂಪು ಹೋಗಿ ಚಿತ್ರಗಳು ತಿಳಿನೀಲಿಗೆ ತಿರುಗಿದವು, 1979ರ ಹೊತ್ತಿಗೆ ಇಳಿಸಿ ಒಳಗಿಟ್ಟರು. ಮೇಲೆ ಹೊಸ ಬಣ್ಣ ಬಳಿದರೆ ಅದು ರಾತ್ಕೋ ಚಿತ್ರ ಆಗಲ್ಲ. 2014ರಲ್ಲಿ ಒಂದು ಉಪಾಯ ಮಾಡಿದರು: ಎಲ್ಲಿ ಎಷ್ಟು ಬಣ್ಣ ಕಳೆದಿದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಅಷ್ಟೇ ಬಣ್ಣದ ಬೆಳಕನ್ನು ಪ್ರೊಜೆಕ್ಟರಿನಿಂದ ಚಿತ್ರದ ಮೇಲೆ ಬಿಟ್ಟರು. ಪ್ರೊಜೆಕ್ಟರ್ ಆರಿಸಿದ ತಕ್ಷಣ ಮಾಸಿದ ಚಿತ್ರ ಮತ್ತೆ ಕಾಣಿಸುತ್ತಿತ್ತು. ನನ್ನ ಪ್ರಕಾರ ಇದಕ್ಕಿಂತ ಪ್ರಾಮಾಣಿಕ ದುರಸ್ತಿ ಇನ್ನೊಂದಿಲ್ಲ.

ಸುಮ್ನೆಕೇಳ್ದೆ:
ಕಿಟಕಿಯವರು ಪರದೆಗೆ ಪ್ರೊಜೆಕ್ಟರ್ ಇಟ್ಟುಕೊಳ್ಳಲಿ.

ಬಣ್ಣದತೊಟ್ಟಿ:
ಹಹ್ಹ. ಅದಕ್ಕಿಂತ ಅಗ್ಗದ ದಾರಿ ಇದೆ. ಮತ್ತೆ ಬಣ್ಣ ಹಾಕಿಸಬಹುದು, ಆದರೆ ಅದೇ ಕೆಂಪು ಹಾಕಿಸಿದರೆ ಪಟ್ಟೆ ಉಳಿಯುತ್ತೆ, ಮಾಸಿದ ಜಾಗ ತಿಳಿಯಾಗಿಯೇ ಕಾಣುತ್ತೆ. ಕಡುಗಂದು ಅಥವಾ ಕಪ್ಪಿಗೆ ಹೋದರೆ ಮುಚ್ಚುತ್ತೆ. ಬಿಸಿಲು ಬಿದ್ದ ಕಡೆ ನೂಲೂ ಸೊರಗಿರಬಹುದು, ಮೊದಲು ಎರಡು ಕೈಯಲ್ಲಿ ಜಗ್ಗಿ ನೋಡಿ. ಪರ್ ಅಂದರೆ ಬಣ್ಣದ ಖರ್ಚು ದಂಡ.

ಹೊಸದು ಕೊಳ್ಳೋದಾದ್ರೆ ಬೆಳಕು ತಡೆಯುವ ಗುಣಕ್ಕೆ ಎಷ್ಟು ಅಂಕ ಅಂತ ಕೇಳಿ. ನೀಲಿ ಉಣ್ಣೆ ಅಳತೆ ಅಂತ ಒಂದಿದೆ. ಬೇರೆ ಬೇರೆ ತಾಳಿಕೆಯ ನೀಲಿ ಡೈ ಹಾಕಿದ ಎಂಟು ಉಣ್ಣೆ ಪಟ್ಟಿಗಳನ್ನು ನಿಮ್ಮ ಬಟ್ಟೆಯ ಜೊತೆ ಬೆಳಕಿಗಿಟ್ಟು, ಯಾವ ಪಟ್ಟಿಯ ಜೊತೆ ಅದು ಮಾಸಿತು ಅಂತ ನೋಡ್ತಾರೆ. 1 ಅಂದರೆ ತೀರಾ ಕಳಪೆ, 8 ಅಂದರೆ ಗಟ್ಟಿ. ಒಂದೊಂದು ಮೆಟ್ಟಿಲಿಗೂ ತಾಳಿಕೆ ಹೆಚ್ಚುಕಡಿಮೆ ದುಪ್ಪಟ್ಟು. ಹಾಗಾಗಿ 4ಕ್ಕೂ 6ಕ್ಕೂ ಇರೋದು ಸಣ್ಣ ವ್ಯತ್ಯಾಸ ಅಲ್ಲ, ನಾಲ್ಕು ಪಟ್ಟು. ಕಿಟಕಿಗೆ ಹಾಕೋದಕ್ಕೆ 6ಕ್ಕಿಂತ ಕಡಿಮೆ ನಾನಂತೂ ತಗೊಳ್ಳಲ್ಲ. ಹೊರಗಿನ ನೆರಳು ಚಪ್ಪರದ ಬಟ್ಟೆಯಾದರೆ ಎಳೆ ತೆಗೆಯೋಕೆ ಮೊದಲೇ ಪಿಗ್ಮೆಂಟ್ ಬೆರೆಸಿದ ಅಕ್ರಿಲಿಕ್ ಕೇಳಿ, ಅದರಲ್ಲಿ ಬಣ್ಣ ಎಳೆಯ ಮೇಲೆ ಹತ್ತಿಸಿದ್ದಲ್ಲ, ಒಳಗೂ ಹೊರಗೂ ಅದೇ.

ಕಿಟಕಿಪಕ್ಕ:
ಜಗ್ಗಿದೆ. ಪರ್ ಅಂತು.

ಬಣ್ಣದತೊಟ್ಟಿ:
ಹಾಗಾದ್ರೆ ಒರೆಸೋ ಬಟ್ಟೆ ಮಾಡ್ಕೊಳ್ಳಿ. ಹೊಸ ಪರದೆಯ ಹಿಂದೆ, ಕಿಟಕಿ ಕಡೆಗೆ, ಒಂದು ಬಿಳಿ ಅಸ್ತರು ಹೊಲಿಸಿ. ಬಿಸಿಲು ತಿನ್ನೋದು ಅದು ತಿನ್ನಲಿ, ಹಾಳಾದಾಗ ಅಸ್ತರು ಒಂದನ್ನೇ ಬದಲಿಸಿದರಾಯ್ತು.